ಹಂಡೆ ಒಲೆಯ ಮೇಲಿನ ಬುಟ್ಟಿ

ನಮ್ಮ ಮನೆಯಲ್ಲಿ ಸೋಲಿಗೆ ಆಟ ಯಾವತ್ತೂ ಕಾರಣವಾಗಿರಲಿಲ್ಲ. ಅಂಪೈರ್ ಕಾರಣವಾಗುತ್ತಿದ್ದ, ಗಾಳಿ ಕಾರಣವಾಗುತ್ತಿತ್ತು, ಅಂಕಣಕ್ಕೆ ಸುಣ್ಣದ ಗೆರೆ ಎಳೆದವನ ಕಣ್ಣು ಕಾರಣವಾಗುತ್ತಿತ್ತು, ಹೊರಡುವಾಗ ಅಡ್ಡ ಬಂದ ಬೆಕ್ಕಿಗೂ ಒಂದಿಷ್ಟು ಪಾಲು ಸಿಗುತ್ತಿತ್ತು. ಎದುರಿನವರು ನಮಗಿಂತ ಚೆನ್ನಾಗಿ ಆಡಿದರು ಎಂದು ಯಾರಾದರೂ ಹೇಳಿದ್ದನ್ನು ನಾನು ಆ ಜಗಲಿಯ ಮೇಲೆ ಕೇಳಿದವಳೇ ಅಲ್ಲ. ನನಗೆ ಯಾರ ಮೇಲೂ ಬೇಗ ನಂಬಿಕೆ ಬರುವುದಿಲ್ಲ ಎಂದು ನನ್ನ ಮಕ್ಕಳು ದೂರುತ್ತಾರೆ. ನಿಜ. ನಲ್ಲಿ ರಿಪೇರಿಗೆ ಬಂದವನು ಸುಮ್ಮನೆ ನಕ್ಕರೂ ಯಾಕೆ ನಕ್ಕ ಎಂದು ಯೋಚಿಸುವವಳು ನಾನು. ಆ ಪಾಠವನ್ನು ನಾನು ಕಲಿತದ್ದು ರಾಜಾಜಿನಗರದ ಅಡ್ಡರಸ್ತೆಯೊಂದರ ಆ ಜಗಲಿಯ ಮೇಲೆ, ಕಾಫಿ ಲೋಟ ತಂದುಕೊಟ್ಟು ಖಾಲಿ ಲೋಟ ಒಳಗೆ ಒಯ್ಯುತ್ತಿದ್ದ ವಯಸ್ಸಿನಲ್ಲಿ.

ಈಗಿನವರಿಗೆ ಬಾಲ್ ಬ್ಯಾಡ್ಮಿಂಟನ್ ಎಂದರೆ ಬಿಡಿಸಿ ಹೇಳಬೇಕಾಗುತ್ತದೆ. ಅದು ಶಟಲ್ ಅಲ್ಲ. ಹಳದಿ ಉಣ್ಣೆಯ ಚೆಂಡು, ಮಣ್ಣಿನ ಅಂಕಣ, ನಡುವೆ ಬಲೆ, ಒಂದೊಂದು ಕಡೆಗೆ ಐದೈದು ಜನ. ನಮ್ಮ ಕಡೆಯ ಬಡಾವಣೆಗಳಲ್ಲಿ ಆಗ ಖಾಲಿ ಸೈಟುಗಳಿಗೆ ಬರವಿರಲಿಲ್ಲ. ಎರಡು ಕಂಬ ನೆಟ್ಟು ಬಲೆ ಕಟ್ಟಿದರೆ ಒಂದು ತಂಡ ಹುಟ್ಟಿಕೊಳ್ಳುತ್ತಿತ್ತು. ವಿಜಯನಗರಕ್ಕೊಂದು, ಬಸವೇಶ್ವರನಗರಕ್ಕೊಂದು, ಇನ್ನೂ ಹಳ್ಳಿಯಾಗಿಯೇ ಇದ್ದ ಮಲ್ಲತ್ತಹಳ್ಳಿಗೊಂದು, ಕೆಂಗೇರಿಗೊಂದು. ಮಳೆ ನಿಂತು ಮಾರುಕಟ್ಟೆಗೆ ಅವರೆಕಾಯಿ ಬರುವ ಹೊತ್ತಿಗೆ ಇವರೆಲ್ಲರ ನಡುವೆ ಪಂದ್ಯಗಳು ಶುರುವಾಗುತ್ತಿದ್ದವು. ಭಾನುವಾರ ಬೆಳಿಗ್ಗೆ ಗಾಳಿ ಏಳುವ ಮುಂಚೆ ಆಟ. ಉಳಿದ ದಿನಗಳ ಸಂಜೆಯೆಲ್ಲ ಆ ಆಟದ ವಿಚಾರಣೆ. ಅಪ್ಪ ಬ್ಯಾಟು ಹಿಡಿದವರಲ್ಲ. ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿ ಬಂದು, ಮುಖ ತೊಳೆದು, ಕಾಫಿ ಕುಡಿದು ಜಗಲಿಯ ಮೇಲೆ ಕೂತರೆಂದರೆ ಬ್ಯಾಟು ಹಿಡಿದವರಿಗೆಲ್ಲ ಬುದ್ಧಿ ಹೇಳುತ್ತಿದ್ದರು. ನಮ್ಮ ತಂಡದಲ್ಲಿ ಆಡುತ್ತಿದ್ದವನು ಅಪ್ಪನ ತಮ್ಮ, ನಮ್ಮ ಜೊತೆಗೇ ಇದ್ದ ಕೃಷ್ಣ ಚಿಕ್ಕಪ್ಪ. ಕೆಂಗೇರಿ ತಂಡದ ಕ್ಯಾಪ್ಟನ್ ಮರಿಸ್ವಾಮಿ ಮಾವ, ನನ್ನ ಅಮ್ಮನ ಒಡಹುಟ್ಟಿದ ಅಣ್ಣ. ಮನೆಯಲ್ಲಿ ಒಂದು ಕಿಡಿ ಯಾವಾಗಲೂ ಇದ್ದೇ ಇತ್ತು ಅನ್ನಿ.

ಮನೆ ದೊಡ್ಡದಲ್ಲ. ಮುಂದೆ ಕಲ್ಲುಚಪ್ಪಡಿಯ ಜಗಲಿ, ಒಳಗೆ ಕೆಂಪು ನೆಲದ ನಡುಮನೆ, ಅದಕ್ಕೆ ಅಂಟಿಕೊಂಡು ಅಡುಗೆಮನೆ, ಹಿಂದೆ ಬಚ್ಚಲು. ಜಗಲಿಯಲ್ಲಿ ಕೆಮ್ಮಿದರೆ ಅಡುಗೆಮನೆಗೆ ಕೇಳಿಸುತ್ತಿತ್ತು. ಬಚ್ಚಲಲ್ಲಿ ಮಣ್ಣಿನ ಕಟ್ಟೆಯೊಳಗೆ ಕೂರಿಸಿದ ತಾಮ್ರದ ಹಂಡೆ, ಕೆಳಗೆ ಒಲೆ. ತೆಂಗಿನ ಮಟ್ಟೆ, ಸಾಮಿಲ್ಲಿನಿಂದ ತಂದ ಮರದ ಹೊಟ್ಟು ಹಾಕಿ ಅಮ್ಮ ಎದ್ದ ಕೂಡಲೇ ಹೊತ್ತಿಸಿದರೆ ಮಧ್ಯಾಹ್ನದವರೆಗೂ ಕಟ್ಟೆ ಬೆಚ್ಚಗೆ ಇರುತ್ತಿತ್ತು. ಬಚ್ಚಲಿನ ಗೋಡೆಗೆ, ಹಂಡೆಯ ನೇರ ಮೇಲೆ ಒಂದು ಹಲಗೆ ಬಡಿದಿದ್ದರು. ನಮ್ಮ ತಂಡದ ಪ್ರಾಕ್ಟೀಸಿನ ಚೆಂಡುಗಳ ಬೆತ್ತದ ಬುಟ್ಟಿ ಇರುತ್ತಿದ್ದದ್ದು ಆ ಹಲಗೆಯ ಮೇಲೆ. ಅದಕ್ಕೊಂದು ಕಾರಣವಿತ್ತು. ಹಿಂದಿನ ವರ್ಷದ ಮಳೆಗಾಲದಲ್ಲಿ ಬುಟ್ಟಿಯನ್ನು ಮಂಚದ ಕೆಳಗೆ ಇಟ್ಟು ಎಲ್ಲ ಚೆಂಡುಗಳಿಗೂ ಬೂಷ್ಟು ಹಿಡಿದಿತ್ತು. ಕೆಲವಕ್ಕೆ ನುಸಿ ಬಿದ್ದು ಉಣ್ಣೆ ಉದುರಿತ್ತು. ತಂಡದವರ ಮುಂದೆ ಅಪ್ಪನ ಮಾನ ಹೋಗಿತ್ತು. ಹಾಗಾಗಿ ಈ ಸಲ ಗೌರಿಹಬ್ಬದ ಮುಂಚೆ ಹೊಸ ಚೆಂಡು ಬಂದ ದಿನವೇ ಅಮ್ಮನನ್ನು ಕರೆದು ಬುಟ್ಟಿ ಒಪ್ಪಿಸಿದರು.

"ಜಯಾ, ಇದಕ್ಕೆ ಒಂಚೂರೂ ತೇವ ತಾಗಬಾರ್ದು. ಹಂಡೆ ಮೇಲಿನ ಹಲಗೆ ಮೇಲಿಡು. ದಿನಾ ತಿರುಗಿಸ್ತಾ ಇರು."

ಅಮ್ಮ ಒಪ್ಪಿಕೊಂಡ ಕೆಲಸವನ್ನು ಅರ್ಧ ಮಾಡುವವಳಲ್ಲ. ಬುಟ್ಟಿಯ ತಳಕ್ಕೆ ಬೇವಿನ ಸೊಪ್ಪು ಹಾಸಿ, ದಿನಕ್ಕೆರಡು ಸಲ ಚೆಂಡುಗಳನ್ನು ಹಪ್ಪಳ ತಿರುಗಿಸಿದ ಹಾಗೆ ತಿರುಗಿಸುತ್ತಿದ್ದಳು. ಬಿಸಿಲು ಬಂದ ದಿನ ಮಾಳಿಗೆಯ ಮೇಲೂ ಹರಡುತ್ತಿದ್ದಳು. ಪಂದ್ಯದ ದಿನ ಚಿಕ್ಕಪ್ಪನ ಬ್ಯಾಟಿಗೆ ಕುಂಕುಮ ಇಡದೆ ಹೊರಗೆ ಕಳಿಸುತ್ತಿರಲಿಲ್ಲ. ಅವನು ಸೋತು ಬಂದರೆ ಅವಳಿಗೂ ಮುದ್ದೆ ಇಳಿಯುತ್ತಿರಲಿಲ್ಲ. ತನ್ನ ಅಣ್ಣನ ತಂಡದ ಎದುರು ಚಿಕ್ಕಪ್ಪ ಗೆದ್ದ ವರ್ಷ ಪಾಯಸ ಮಾಡಿದ್ದವಳು ಅವಳೇ. ಇದನ್ನೆಲ್ಲ ನಾನು ಮೊದಲೇ ಹೇಳುತ್ತಿರುವುದು ಯಾಕೆಂದರೆ, ಮುಂದೆ ಜಗಲಿಯ ಮೇಲೆ ಕೂತವರಿಗೆ ಇದರಲ್ಲಿ ಒಂದೂ ನೆನಪಾಗಲಿಲ್ಲ.

ಆ ವರ್ಷ ನಮ್ಮವರು ಒಂದು ಹೊಸ ಉಪಾಯ ಹೂಡಿದ್ದರು. ಯಾವಾಗಲೂ ಹಿಂದೆ ನಿಂತು ಜೋರಾಗಿ ಹೊಡೆಯುತ್ತಿದ್ದ ಚಿಕ್ಕಪ್ಪನನ್ನು ಮುಂದೆ, ಬಲೆಯ ಹತ್ತಿರ ನಿಲ್ಲಿಸುವುದು. ಎದುರಿನವರು ಜೋರು ಹೊಡೆತಕ್ಕೆ ಕಾದು ಹಿಂದೆ ನಿಂತಾಗ ಅವನು ಚೆಂಡನ್ನು ಮೆತ್ತಗೆ, ಬಲೆ ದಾಟಿಸಿ ಅಲ್ಲೇ ಬೀಳಿಸುವುದು. ಪ್ರಾಕ್ಟೀಸಿನಲ್ಲಿ ಅದನ್ನು ನೋಡಲು ಎರಡು ಕಣ್ಣು ಸಾಲದು. ಬ್ಯಾಟು ಹಾಗೆ ಮುಟ್ಟಿದರೆ ಸಾಕು, ಚೆಂಡು ತೇಲಿ ಬಲೆ ದಾಟಿ ಕೂರುತ್ತಿತ್ತು. ಈ ಗುಟ್ಟು ತೀರ್ಮಾನವಾದದ್ದು ನಮ್ಮ ನಡುಮನೆಯಲ್ಲಿ, ಬಾಗಿಲು ಹಾಕಿಕೊಂಡು. ಅಲ್ಲಿದ್ದವರು ಆಟಗಾರರು, ಅಪ್ಪ, ಪಕ್ಕದ ರಸ್ತೆಯ ಟೈಲರ್ ಪುಟ್ಟಸ್ವಾಮಿ, ಎದುರು ಮನೆಯ ನಂಜುಂಡಯ್ಯ ಮೇಷ್ಟ್ರು. ಜೊತೆಗೆ ಎಲ್ಲರಿಗೂ ಉಪ್ಪಿಟ್ಟು ಕೊಡಲು ಬಂದ ಅಮ್ಮ.

ಮೊದಲ ಪಂದ್ಯ ವಿಜಯನಗರದವರ ಮೇಲೆ. ಚಿಕ್ಕಪ್ಪ ಮೆತ್ತಗೆ ಹಾಕಿದ ಚೆಂಡುಗಳೆಲ್ಲ ನಮ್ಮ ಕಡೆಯೇ, ಬಲೆಯ ಬುಡದಲ್ಲೇ ಬಿದ್ದವು. ಸ್ವಲ್ಪ ಜೋರು ಮಾಡಿದರೆ ಚೆಂಡು ಎತ್ತರಕ್ಕೆ ಹೋಗಿ ಎದುರಿನವರಿಗೆ ಊಟಕ್ಕೆ ಬಡಿಸಿದ ಹಾಗಾಗುತ್ತಿತ್ತು. ಸೋತು ಬಂದರು. ಸಂಜೆ ಜಗಲಿ ತುಂಬಿತು.

"ಬಾಲು ನೆನೆಸಿದಾರೆ ರಂಗಣ್ಣ," ಎಂದ ಪುಟ್ಟಸ್ವಾಮಿ, ಅಪ್ಪನ ಕಡೆ ತಿರುಗಿ. "ಬ್ಯಾಟಿಗೆ ಕಲ್ಲು ಬಿದ್ದಂಗೆ ಬೀಳ್ತಿತ್ತು. ಕೃಷ್ಣನ್ನೇ ಕೇಳಿ."

"ಭಾರ ಇತ್ತು ಅಣ್ಣ," ಎಂದ ಚಿಕ್ಕಪ್ಪ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಅಲ್ರೀ, ಬಾಲು ಅಂಪೈರ್ ಪೆಟ್ಟಿಗೆಯಿಂದ ತೆಗೆದಿದ್ದು. ಎರಡೂ ಕಡೆಯೋರು ಅದ್ರಲ್ಲೇ ತಾನೇ ಆಡಿದ್ದು?"

"ಅವರಿಗೆ ಮೊದ್ಲೇ ಗೊತ್ತಿತ್ತಲ್ಲ ಮೇಷ್ಟ್ರೇ. ಅದಕ್ಕೆ ತಕ್ಕಂಗೆ ಪ್ರಾಕ್ಟೀಸ್ ಮಾಡ್ಕೊಂಡಿದಾರೆ."

ಈಗ ನೆನೆಸಿಕೊಂಡರೆ ನಗು ಬರುತ್ತದೆ. ಅವತ್ತು ಪುಟ್ಟಸ್ವಾಮಿ ಸತ್ಯದ ಮನೆ ಬಾಗಿಲಿಗೆ ಹೋಗಿ, ಬೆಲ್ ಒತ್ತದೆ ವಾಪಸ್ ಬಂದಿದ್ದ. ಮುಂದಿನ ಭಾನುವಾರ ಮಲ್ಲತ್ತಹಳ್ಳಿಯಲ್ಲಿ ಕೆರೆಯ ಪಕ್ಕದ ಅಂಕಣದಲ್ಲಿ ಮತ್ತೆ ಸೋತರು. ಅಲ್ಲಿಯ ಹುಡುಗರು ಚಿಕ್ಕಪ್ಪನ ಎದುರು ಬಲೆಗೆ ಮೂಗು ತಾಗಿಸಿಕೊಂಡು ನಿಂತಿದ್ದರಂತೆ. ವಿಜಯನಗರದಲ್ಲಿ ಆಡಿದ್ದನ್ನು ಊರೆಲ್ಲ ನೋಡಿತ್ತು. ನೋಡಿದವರು ಹೇಳಿರುತ್ತಾರೆ, ಅಷ್ಟೇ. ಆದರೆ ಜಗಲಿಗೆ ಅಷ್ಟು ಸುಲಭದ ಉತ್ತರ ರುಚಿಸುತ್ತಿರಲಿಲ್ಲ. ಜೊತೆಗೆ ಪುಟ್ಟಸ್ವಾಮಿ ಇನ್ನೊಂದು ಸುದ್ದಿ ತಂದಿದ್ದ: ಮಲ್ಲತ್ತಹಳ್ಳಿಯಲ್ಲಿ ಜನರ ಹಿಂದೆ ಸೈಕಲ್ಲಿಗೆ ಒರಗಿಕೊಂಡು ಮರಿಸ್ವಾಮಿ ನಿಂತಿದ್ದ. ನಿಂತು ನಗುತ್ತಿದ್ದ.

"ಕೃಷ್ಣ ಮುಂದೆ ಬರ್ತಾನೆ, ಮೆತ್ತಗೆ ಹಾಕ್ತಾನೆ ಅನ್ನೋದು ಈ ಮನೆ ಒಳಗೆ ಆಡಿದ ಮಾತು," ಎಂದ ಪುಟ್ಟಸ್ವಾಮಿ. "ಕೆಂಗೇರಿಗೆ ಹೋಯ್ತು ಅಂದ್ರೆ ಹೆಂಗ್ ಹೋಯ್ತು? ಕೆಂಗೇರಿಯಿಂದ ಎಲ್ಲಾ ಕಡೆ ಹಂಚಿದಾರೆ."

ಒಳಗೆ ಅಮ್ಮನ ಬಳೆ ಸದ್ದಾಯಿತು. ಜಗಲಿಯ ಮೇಲಿನ ಎಲ್ಲ ದನಿಗಳೂ ಒಟ್ಟಿಗೆ ತಗ್ಗಿದವು. ಹುಟ್ಟಿದಾಗಿನಿಂದ ಆ ಮನೆಯಲ್ಲಿ ನಾನು ಕೇಳಿದ್ದು ಜೋರು ದನಿಯೇ. ಪಿಸುಮಾತು ಅವತ್ತೇ ಮೊದಲು. ಅಪ್ಪ ಏನಾದರೂ ಗದರುತ್ತಾರೆ, ನನ್ನ ಹೆಂಡತಿಯ ಮಾತು ಯಾಕೋ ನಿನಗೆ ಎನ್ನುತ್ತಾರೆ ಎಂದು ಅವರ ಮುಖ ನೋಡಿದೆ. ಅವರು ಗಡ್ಡ ಕೆರೆದುಕೊಳ್ಳುತ್ತಿದ್ದರು.

ಅಲ್ಲಿಂದ ಮುಂದೆ ಮನೆಯ ರೀತಿಯೇ ಬದಲಾಯಿತು. ಅಮ್ಮ ಕಾಫಿ ತಂದರೆ ಮಾತು ಈರುಳ್ಳಿ ಬೆಲೆಗೆ ಹೊರಳುತ್ತಿತ್ತು. ಅವಳು ಒಳಗೆ ಹೋದ ಮೇಲೆ ಅಪ್ಪ ಬಾಗಿಲನ್ನು ಕಾಲಿನಿಂದ ಮೆಲ್ಲಗೆ ತಳ್ಳಿ ಮುಚ್ಚುತ್ತಿದ್ದರು. ಊಟಕ್ಕೆ ಕೂತಾಗ ಚಿಕ್ಕಪ್ಪ ಆಟದ ವಿಷಯ ಎತ್ತಿದರೆ ಅಪ್ಪ ಸಾರು ಕೇಳುತ್ತಿದ್ದರು. ತಟ್ಟೆಯ ತುಂಬ ಸಾರಿದ್ದರೂ ಕೇಳುತ್ತಿದ್ದರು.

"ಏನ್ರೀ, ಒಂದು ವಾರದಿಂದ ಬರೀ ಈರುಳ್ಳಿ ವಿಷ್ಯಾನೇ ಮಾತಾಡ್ತಾ ಇದೀರಲ್ಲ," ಎಂದು ಒಮ್ಮೆ ಅಮ್ಮ ಕೇಳಿಯೇಬಿಟ್ಟಳು. "ಅಂಗಡಿ ಇಡ್ತೀರಾ?"

ಅಪ್ಪ ನಗಲಿಲ್ಲ. ಆ ಶನಿವಾರ ಅಮ್ಮ ಎಂದಿನಂತೆ ನನ್ನನ್ನು ಕರೆದುಕೊಂಡು ಕೆಂಗೇರಿಯ ತವರಿಗೆ ಹೊರಟಾಗ, ಅವರು ನನ್ನನ್ನು ಜಗಲಿಯ ತುದಿಗೆ ಕರೆದರು.

"ಸುಧಾ, ಅಮ್ಮ ಅಲ್ಲಿ ಮಾವನ ಹತ್ರ ಏನ್ ಮಾತಾಡ್ತಾಳೆ ಅಂತ ಸ್ವಲ್ಪ ಕೇಳಿಸ್ಕೊಂಡು ಬಾ. ಅವಳಿಗೆ ಹೇಳ್ಬೇಡ."

ಮೆಜೆಸ್ಟಿಕ್‌ಗೆ ಹೋಗಿ ಬಸ್ಸು ಬದಲಾಯಿಸಿ ಕೆಂಗೇರಿ ತಲುಪುವವರೆಗೂ ನಾನು ಅಮ್ಮನ ಮುಖ ನೋಡಲಿಲ್ಲ. ಆಗ ಕೆಂಗೇರಿ ಬೇರೆಯೇ ಊರು. ಅಲ್ಲಿಯವರು ಬೆಂಗಳೂರಿಗೆ ಹೋಗಿ ಬರುತ್ತೇವೆ ಎನ್ನುತ್ತಿದ್ದರು. ಅಜ್ಜಿ ಮನೆಯಲ್ಲಿ ಹುರುಳಿಕಾಳಿನ ಬಸ್ಸಾರು ಮಾಡಿದ್ದರು. ಅಮ್ಮ ಅಲ್ಲಿ ಬೇರೆಯೇ ಹೆಂಗಸಾಗುತ್ತಿದ್ದಳು, ಕಾಲು ಚಾಚಿ ಕೂತು ಜೋರಾಗಿ ನಗುತ್ತಿದ್ದಳು. ಮಾವ ಹೊಲದಿಂದ ಬಂದು ಕೈಕಾಲು ತೊಳೆದುಕೊಂಡು ಕೀಟಲೆಗೆ ಇಳಿದ.

"ಏನ್ ಜಯಾ, ನಿಮ್ ಟೀಮು ಎರಡೂ ಸೋತು ಕೂತಿದೆ. ನಿನ್ ಮೈದ್ನಂಗೆ ಸರಿಯಾಗಿ ಮುದ್ದೆ ಹಾಕಲ್ವಾ?"

"ಸುಮ್ನಿರು. ಅವನ ಕೈ ಒಂದ್ ಸಲ ಕುದುರ್ಲಿ, ಆಮೇಲೆ ನಿಮ್ಮೋರು ಎಲ್ಲಿ ಮುಖ ಮುಚ್ಕೋತೀರೋ ನೋಡ್ತೀನಿ."

ಇಷ್ಟೇ. ಉಳಿದದ್ದೆಲ್ಲ ಅಮ್ಮನ ತಂಗಿ ಸರೋಜ ಚಿಕ್ಕಮ್ಮನಿಗೆ ಗೊತ್ತಾಗಿದ್ದ ಗಂಡಿನ ಮಾತು, ನಿಶ್ಚಿತಾರ್ಥದ ಮಾತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಎರಡು ಮುದ್ದೆ ತಿಂದೆ. ಮನೆಗೆ ಬಂದು ಒಂದಕ್ಷರ ಬಿಡದೆ ಅಪ್ಪನಿಗೆ ಒಪ್ಪಿಸಿದೆ. ಅಮ್ಮ ಗೆದ್ದಳು ಎಂದುಕೊಂಡಿದ್ದೆ. ಅಪ್ಪ ಅದರಲ್ಲಿ ಒಂದೇ ಮಾತನ್ನು ಹೆಕ್ಕಿಕೊಂಡರು.

"ಕೈ ಕುದುರ್ಲಿ ಅಂದ್ಲಾ? ಅಂದ್ರೆ ಕೈ ಇನ್ನೂ ಕುದುರಿಲ್ಲ ಅಂತ ಅವನಿಗೆ ಹೇಳ್ದಂಗಾಯ್ತಲ್ಲ."

ಬಸವೇಶ್ವರನಗರದವರ ಮೇಲೂ ಸೋತ ಮರುದಿನ ಅಪ್ಪ ಕೆಲಸದಿಂದ ಬಂದವರು ಕಾಫಿಯನ್ನೂ ಕುಡಿಯದೆ ಬಚ್ಚಲಿಗೆ ಹೋದರು. ಹಲಗೆಯ ಮೇಲಿನ ಬುಟ್ಟಿ ಇಳಿಸಿ, ಬೇವಿನ ಸೊಪ್ಪು ಕೊಡವಿ, ನಡುಮನೆಯ ಕಬ್ಬಿಣದ ಬೀರುವಿನ ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಕೈಯಲ್ಲಿ ಲೋಟವಿತ್ತು.

"ಅಲ್ಲಿ ತೇವ ಬರುತ್ತೆ ಕಣ್ರೀ. ಗೋಡೆ ಒದ್ದೆ ಇದೆ."

"ಇನ್ಮೇಲೆ ನಾನೇ ನೋಡ್ಕೋತೀನಿ."

"ಯಾಕೆ, ನಾನ್ ಸರಿಯಾಗಿ ನೋಡ್ಕೊಳ್ಳಿಲ್ವಾ?"

ಅಪ್ಪ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಅಮ್ಮ ಲೋಟವನ್ನು ಕಿಟಕಿಯ ಮೇಲಿಟ್ಟು ಒಳಗೆ ಹೋದಳು. ಅವಳಿಗೆ ಆಗಲೇ ಎಲ್ಲ ಅರ್ಥವಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಜಗಲಿಯ ಪಿಸುಮಾತು ಕೇಳಿಸದಷ್ಟು ದೂರವೇನಿರಲಿಲ್ಲ ಆ ಅಡುಗೆಮನೆ.

ಸರೋಜ ಚಿಕ್ಕಮ್ಮನ ನಿಶ್ಚಿತಾರ್ಥದ ದಿನ ಹತ್ತಿರ ಬಂತು. ನಮ್ಮ ಕಡೆ ಅಂಥ ಶಾಸ್ತ್ರಕ್ಕೆ ಮನೆಯ ಹಿರಿಮಗಳು ಮುಂಚೆಯೇ ಹೋಗಿ ಇರಬೇಕು. ಹಿಟ್ಟು ಬೀಸಿಸುವುದರಿಂದ ಹಿಡಿದು ಹೆಣ್ಣಿಗೆ ಎಣ್ಣೆ ಒತ್ತಿ, ನೀರೆರೆದು, ಜಡೆ ಹಾಕಿ, ಗಂಡಿನವರ ಮುಂದೆ ಕೈಹಿಡಿದು ಕರೆತರುವವರೆಗೆ ಎಲ್ಲವೂ ಅಕ್ಕನ ಕೆಲಸ. ಅದು ಕೆಲಸವೂ ಹೌದು, ಮರ್ಯಾದೆಯೂ ಹೌದು. ಅಮ್ಮ ಟ್ರಂಕಿನಿಂದ ಸೀರೆ ತೆಗೆದು ಇಸ್ತ್ರಿಗೆ ಕೊಟ್ಟಿದ್ದಳು.

"ಬೆಳಿಗ್ಗೆ ಎಲ್ಲಾರೂ ಒಟ್ಟಿಗೇ ಹೋಗಿ ಊಟ ಮಾಡ್ಕೊಂಡು ಬರೋಣ," ಎಂದರು ಅಪ್ಪ.

"ನಾನ್ ಮುಂಚೆ ಹೋಗ್ದಿದ್ರೆ ಅವಳಿಗೆ ಜಡೆ ಹಾಕೋರ್ ಯಾರ್ರೀ?"

"ನಿಮ್ಮೂರಲ್ಲಿ ಹೆಂಗಸ್ರಿಗೇನ್ ಬರಾನಾ?"

ಅಮ್ಮ ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟಳು. "ನಾನೇನ್ ಮಾಡಿದೀನಿ ಅಂತ ಬಾಯ್ಬಿಟ್ಟು ಹೇಳ್ಬಿಡಿ."

"ನಾನೇನಾದ್ರೂ ಅಂದ್ನಾ?"

ಅದೇ ಅಪ್ಪನ ವಿದ್ಯೆ. ಏನೂ ಅನ್ನುತ್ತಿರಲಿಲ್ಲ. ಅಂದಿದ್ದರೆ ಅಮ್ಮ ಉತ್ತರ ಕೊಡುತ್ತಿದ್ದಳು, ಜಗಳವಾಗುತ್ತಿತ್ತು, ಮುಗಿಯುತ್ತಿತ್ತು. ನಾವು ಕೆಂಗೇರಿ ತಲುಪುವ ಹೊತ್ತಿಗೆ ಸರೋಜ ಚಿಕ್ಕಮ್ಮನ ಜಡೆ ಮುಗಿದು ಮೊಗ್ಗು ಸುತ್ತಿಯಾಗಿತ್ತು. ಪಕ್ಕದ ಮನೆಯ ಹುಡುಗಿ ಹಾಕಿದ್ದಳು. ಅಮ್ಮ ಕೋಣೆಯ ಬಾಗಿಲಲ್ಲಿ ನಿಂತು, ಸ್ವಲ್ಪ ಓರೆಯಾಗಿದ್ದ ಆ ಜಡೆಯನ್ನು ನೋಡಿದಳು. ಕೈ ಮುಂದೆ ಚಾಚಿ ಹಿಂದೆ ತೆಗೆದುಕೊಂಡಳು. ಯಾರೋ ಅವಳಿಗೆ ಚಾಪೆ ಹಾಕಿ, ಕೂತ್ಕೋ ಜಯಾ, ದಣಿದು ಬಂದಿದೀಯ ಎಂದರು. ಹುಟ್ಟಿದ ಮನೆಯಲ್ಲಿ ಅವಳು ನೆಂಟರ ಹಾಗೆ ಚಾಪೆಯ ಮೇಲೆ ಕೂತಳು. ಮರಿಸ್ವಾಮಿ ಮಾವ "ಬನ್ನಿ ಭಾವ" ಎಂದು ಅಪ್ಪನಿಗೆ ತಾನೇ ಕಾಲಿಗೆ ನೀರು ಕೊಟ್ಟ, ಊಟಕ್ಕೆ ಪಕ್ಕದಲ್ಲೇ ಕೂರಿಸಿಕೊಂಡ, ಸೋತವರ ಮುಂದೆ ಆಡಬಾರದೆಂದು ಆಟದ ಸುದ್ದಿಯನ್ನೇ ಎತ್ತಲಿಲ್ಲ. ಎಲೆ ಎತ್ತಿದ ಮೇಲೆ ಅಪ್ಪ ಹೊರಡೋಣ ಎಂದರು. ಬಸ್ಸಿನಲ್ಲಿ ಚಿಕ್ಕಪ್ಪನ ಕಡೆ ಬಾಗಿ ಹೇಳಿದರು:

"ಆಟದ ಮಾತೇ ಎತ್ತಲಿಲ್ಲ ನೋಡ್ದ್ಯಾ? ಯಾಕೆ ಎತ್ಲಿಲ್ಲ?"

ಮುಂದಿನ ಸೀಟಿನಲ್ಲಿ ಅಮ್ಮ ಕಿಟಕಿಯ ಕಡೆ ತಿರುಗಿಕೊಂಡಿದ್ದಳು. ನನಗೆ ಅವತ್ತು ಅಪ್ಪನ ಮೇಲೆ ಬಂದ ಸಿಟ್ಟು ಆಮೇಲೆ ಪೂರ್ತಿ ಇಳಿದದ್ದೇ ಇಲ್ಲ. ಅವರು ಕೆಟ್ಟವರಾಗಿರಲಿಲ್ಲ. ಜ್ವರ ಬಂದರೆ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಡಾಕ್ಟರ ಹತ್ತಿರ ಓಡುತ್ತಿದ್ದರು. ಆದರೆ ಒಂದು ಅನುಮಾನ ತಲೆಗೆ ಹೊಕ್ಕರೆ, ಹೌದು ಎಂದರೂ ಅದಕ್ಕೆ ಗೊಬ್ಬರ, ಅಲ್ಲ ಎಂದರೂ ಗೊಬ್ಬರ, ಸುಮ್ಮನಿದ್ದರೆ ಇನ್ನೂ ಒಳ್ಳೆಯ ಗೊಬ್ಬರ.

ಬೀರುವಿನ ಚೆಂಡುಗಳಲ್ಲಿ ಪ್ರಾಕ್ಟೀಸ್ ಶುರುವಾದಾಗ ಹುಡುಗರು ಮೊದಲು ಗೊಣಗಿದರು. ಇವೂ ಭಾರ ಬರ್ತಿದಾವೆ ಎಂದರು. ಬುಟ್ಟಿ ಬೀರುಗೆ ಹೋಗೋ ಮುಂಚೆ ಯಾರಾದ್ರೂ ನೀರು ಚಿಮುಕಿಸಿರಬಹುದು ಎಂದು ಪುಟ್ಟಸ್ವಾಮಿ ಯಾರ ಹೆಸರನ್ನೂ ಹೇಳದೆ ಹೇಳಿದ. ಆದರೆ ಬೇರೆ ಚೆಂಡಿರಲಿಲ್ಲ, ಅದರಲ್ಲೇ ಆಡಿದರು, ಕೈಗೆ ಅದೇ ರೂಢಿಯಾಯಿತು. ಮುಂದಿನ ಭಾನುವಾರ ನಂದಿನಿ ಲೇಔಟಿನವರ ಮೇಲೆ ಗೆದ್ದರು. ಅದರ ಮುಂದಿನದನ್ನೂ ಗೆದ್ದರು. ಚಿಕ್ಕಪ್ಪ ಮೆತ್ತಗೆ ಮುಟ್ಟಿದ ಚೆಂಡು ಪ್ರಾಕ್ಟೀಸಿನಲ್ಲಿ ಹೋದ ಹಾಗೆಯೇ ಬಲೆ ದಾಟಿ ಬೀಳತೊಡಗಿತು. ಜಗಲಿಯಲ್ಲಿ ಹಬ್ಬ.

"ಬುಟ್ಟಿ ಕೈ ಬದಲಾಯ್ತು, ಆಟಾನೂ ಬದಲಾಯ್ತು," ಎಂದ ಪುಟ್ಟಸ್ವಾಮಿ. "ಇನ್ನು ನಾನ್ ಬಿಡಿಸಿ ಹೇಳ್ಬೇಕಾ?"

ಯಾರೂ ಬಿಡಿಸಿ ಕೇಳಲಿಲ್ಲ. ಮೇಷ್ಟ್ರು ಕೂಡ ತಲೆ ಆಡಿಸಿದರು. ಅವತ್ತು ದನಿಯನ್ನೂ ತಗ್ಗಿಸಿರಲಿಲ್ಲ. ಅಡುಗೆಮನೆಯಲ್ಲಿ ಅಮ್ಮ ಕಾಫಿ ಸೋಸುತ್ತಿದ್ದಳು. ಸೋಸಿ ಮುಗಿಸಿ, ಲೋಟಗಳನ್ನು ತಟ್ಟೆಯಲ್ಲಿಟ್ಟು ನನ್ನ ಕೈಗೆ ಕೊಟ್ಟಳು. ಅದಾದ ಮೇಲೆ ಅವಳು ಜಗಲಿಗೆ ಕಾಫಿ ತರಲಿಲ್ಲ. ನಮ್ಮ ಜೊತೆಗಿದ್ದ ಅಜ್ಜಿ, ಅಂದರೆ ಅಪ್ಪನ ತಾಯಿ, ಎರಡು ಮೂರು ಸಲ ಮಗನಿಗೆ ಏನೋ ಹೇಳಲು ಹೋದಳು. ಅವರು ನಿಂಗೇನ್ ಗೊತ್ತು ಆಟ ಎಂದು ಬಾಯಿ ಮುಚ್ಚಿಸಿದರು.

ಗುಟ್ಟು ಬಯಲಾದದ್ದು ಬಚ್ಚಲಿನಲ್ಲಿ. ಒಂದು ಬೆಳಿಗ್ಗೆ ಚಿಕ್ಕಪ್ಪ ಸ್ನಾನಕ್ಕೆ ಹೋದಾಗ ಸೀಗೆಪುಡಿಯ ಡಬ್ಬಿ ಕೈಜಾರಿ ಹಂಡೆಯ ಹಿಂದೆ ಬಿತ್ತು. ಅದನ್ನು ತೆಗೆಯಲು ಕೈ ಹಾಕಿದರೆ ಒಂದು ಹಳದಿ ಚೆಂಡು ಸಿಕ್ಕಿತು. ಯಾವಾಗಲೋ ಹಲಗೆಯಿಂದ ಉರುಳಿ ಬಿಸಿ ಕಟ್ಟೆಯ ಮೇಲೆ ಕೂತಿತ್ತು. ಅವನು ಅದನ್ನು ಅಂಗೈಯಲ್ಲಿ ಎರಡು ಸಲ ಚಿಮ್ಮಿದ. ಸೋಪು ಹಚ್ಚಿದ ಮೈಯಲ್ಲೇ ಟವೆಲ್ ಸುತ್ತಿಕೊಂಡು ಹೊರಗೆ ಬಂದು, ಬ್ಯಾಟು ತೆಗೆದು ಹಿತ್ತಲ ಗೋಡೆಗೆ ಹೊಡೆದು ನೋಡಿದ. ಆಮೇಲೆ ಒಳಗೆ ಹೋಗಿ ಸ್ನಾನ ಮುಗಿಸಿದ. ಸಂಜೆ ಎಲ್ಲರೂ ಜಗಲಿಯ ಮೇಲೆ ಕೂತಿದ್ದಾಗ ಅಪ್ಪನಿಂದ ಬೀಗದ ಕೈ ಇಸಿದುಕೊಂಡು ಇನ್ನೊಂದು ಚೆಂಡು ತಂದ.

"ಅಣ್ಣ, ಕಣ್ಮುಚ್ಚಿ ಒಂದೊಂದು ಕೈಲಿ ಒಂದೊಂದು ಹಿಡ್ಕೊಳ್ಳಿ."

ಅಪ್ಪ ಹಿಡಿದುಕೊಂಡರು. ಕಣ್ಣು ತೆರೆದು ಎಡಗೈಯ ಚೆಂಡನ್ನು ನೋಡಿದರು.

"ಇದೇನೋ, ಇಷ್ಟು ಹಗುರ?"

"ಅದು ಹಂಡೆ ಹಿಂದೆ ಬಿದ್ದಿದ್ದು. ಗೌರಿಹಬ್ಬದಿಂದ ನಾವು ಪ್ರಾಕ್ಟೀಸ್ ಮಾಡಿದ್ದೆಲ್ಲ ಅಂಥ ಬಾಲಲ್ಲಿ. ಮ್ಯಾಚಲ್ಲಿ ಕೊಡ್ತಿದ್ದಿದ್ದು ಈ ಇನ್ನೊಂದ್ ತರದ್ದು, ಎಲ್ಲಾ ಕಡೆ ಇರೋ ಬಾಲು. ಬೀರುಲಿಟ್ಟ ಮೇಲೆ ನಮ್ಮವೂ ಆ ತೂಕಕ್ಕೆ ಬಂದ್ವು. ಯಾರೂ ನೆನೆಸ್ಲಿಲ್ಲ ಅಣ್ಣ. ನಾವೇ ಒಣಗಿಸ್ಕೊಂಡ್ವಿ."

ಮೇಷ್ಟ್ರು ಎರಡೂ ಚೆಂಡನ್ನು ಇಸಿದುಕೊಂಡು ತೂಗಿ ನೋಡಿ, ಹೌದಲ್ರೀ ಎಂದು ಮೆಲ್ಲಗೆ ಅಂದರು. ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ನಾನು ಅಂದುಕೊಂಡೆ. ಮಕ್ಕಳು ಹಾಗೆ ಅಂದುಕೊಳ್ಳುತ್ತಾರೆ. ಪುಟ್ಟಸ್ವಾಮಿಗೆ ಒಂದು ನಿಮಿಷವೂ ಹಿಡಿಯಲಿಲ್ಲ.

"ಸರಿ, ಒಣಗ್ತು. ಒಣಗಿಸಿದ್ದು ಯಾರು? ಅದನ್ನೂ ಕೇಳ್ಬೇಕಲ್ಲ."

ಅಪ್ಪನ ಹುಬ್ಬು ಗಂಟಿಕ್ಕಿತು. ಆ ಗಂಟನ್ನು ನಾನು ನೋಡಿದೆ. ಅವರು ಆ ಮಾತನ್ನೂ ತೂಗಿ ನೋಡುತ್ತಿದ್ದರು. ಅಷ್ಟರಲ್ಲಿ ಹೊಸ್ತಿಲ ಮೇಲೆ ಕೂತು ಅಡಿಕೆ ಕುಟ್ಟುತ್ತಿದ್ದ ಅಜ್ಜಿ ಕೈ ನಿಲ್ಲಿಸಿದಳು.

"ಒಣಗ್ಸು, ಒಂಚೂರೂ ತೇವ ತಾಗಬಾರ್ದು ಅಂತ ಹೇಳ್ದೋನು ನಿನ್ ಪಕ್ದಾಗೇ ಕೂತವ್ನಲ್ಲ ಪುಟ್ಟಸ್ವಾಮಿ, ಇವನ್ನ ಕೇಳು. ಆ ಹೆಣ್ಮಗಳ ತಂಟೆಗ್ ಬರ್ಬೇಡ."

ಪುಟ್ಟಸ್ವಾಮಿ ಅಂಗಡಿಯಲ್ಲಿ ಗಿರಾಕಿ ಕಾಯ್ತಿರ್ತಾರೆ ಎಂದು ಎದ್ದು ಹೋದ. ಮೇಷ್ಟ್ರೂ ಚೆಂಡುಗಳನ್ನು ಅಪ್ಪನ ಕೈಗಿಟ್ಟು ಎದ್ದರು. ಅಪ್ಪ ಎರಡು ಚೆಂಡು ಹಿಡಿದು ಒಬ್ಬರೇ ಕೂತಿದ್ದರು. ಅವರು ಒಳಗೆ ಹೋಗಿ ಒಂದು ಮಾತು ಹೇಳುತ್ತಾರೆ ಎಂದು ನಾನು ಅವತ್ತು ಕಾದೆ, ಮರುದಿನವೂ ಕಾದೆ. ಅವರಿಗೆ ಗೊತ್ತಿದ್ದದ್ದು ಬೇರೆ ರೀತಿ. ಬೀರುವಿನಿಂದ ಬುಟ್ಟಿ ತೆಗೆದು ತಂದು ಅಡುಗೆಮನೆಯ ಬಾಗಿಲಲ್ಲಿ ಇಟ್ಟರು.

"ಇದನ್ನ ನೀನೇ ನೋಡ್ಕೋ. ಹಂಡೆ ಹತ್ರ ಬೇಡ, ಎಲ್ಲಾದ್ರೂ ಇಡು."

"ನೀವೇ ಇಟ್ಕೊಳ್ಳಿ," ಎಂದಳು ಅಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಬುಟ್ಟಿ ಅಲ್ಲೇ ಇತ್ತು. ಅವಳು ನೆಲ ಒರೆಸುವಾಗ ಅದರ ಸುತ್ತ ಒರೆಸಿದಳು.

ಕೊನೆಯ ಪಂದ್ಯ ಕೆಂಗೇರಿಯವರ ಮೇಲೆ, ನಮ್ಮ ಮನೆಯ ಹಿಂದಿನ ಮೈದಾನದಲ್ಲೇ ಇತ್ತು. ನಮ್ಮ ಬೀದಿಯ ಹೆಂಗಸರೂ ಬಂದು ಹೊಂಗೆಮರದ ನೆರಳಲ್ಲಿ ಕೂರುವ ಪಂದ್ಯ ಅದೊಂದೇ. ಅಪ್ಪ ಬೆಳಿಗ್ಗೆ ತಾವೇ ಮಡಚುವ ಕುರ್ಚಿ ತಂದು, ನಮ್ಮವರ ಸಾಲಿನ ಮುಂದೆ ಹಾಕಿ, ಅಮ್ಮನಿಗೆ ಬಾ ಎಂದು ಹೇಳಿಕಳಿಸಿದರು. ಅದು ಅವರ ಕ್ಷಮಾಪಣೆ ಎಂದು ನನಗೂ ತಿಳಿಯಿತು, ಅಮ್ಮನಿಗೂ ತಿಳಿದಿರಬೇಕು. ಅವಳು ನಿಶ್ಚಿತಾರ್ಥಕ್ಕೆ ಉಟ್ಟಿದ್ದ ಸೀರೆಯನ್ನೇ ಉಟ್ಟು, ನನ್ನ ಕೈ ಹಿಡಿದು ಬಂದಳು. ಕುರ್ಚಿಯ ಹತ್ತಿರ ಬಂದಾಗ ನನ್ನ ಕೈ ಬಿಟ್ಟಳು. ಅಲ್ಲಿ ನಿಲ್ಲದೆ ಅಂಕಣದ ಸುಣ್ಣದ ಗೆರೆಯ ಹೊರಗೆ ನಡೆದುಕೊಂಡು, ಬಲೆಯ ಕಂಬ ದಾಟಿ, ಟೆಂಪೋದಲ್ಲಿ ಬಂದಿಳಿದಿದ್ದ ಕೆಂಗೇರಿಯ ಜನರ ನಡುವೆ ಹೋಗಿ ನೆಲದ ಮೇಲೆ ಕೂತಳು. ಮಾವನ ಹೆಂಡತಿ ಗಾಬರಿಯಾಗಿ ಏನೋ ಕೇಳಿದರು. ಅಮ್ಮ ಸೆರಗು ಹೊದ್ದುಕೊಂಡು ಆಟದ ಕಡೆ ಮುಖ ಮಾಡಿದಳು. ಪುಟ್ಟಸ್ವಾಮಿ ಅಪ್ಪನ ಮುಖ ನೋಡಿದ. ಅಪ್ಪ ಯಾರ ಮುಖವನ್ನೂ ನೋಡಲಿಲ್ಲ. ನಾನು ಎಲ್ಲಿ ಕೂರಬೇಕೋ ತಿಳಿಯದೆ ಆಟ ಮುಗಿಯುವವರೆಗೂ ಕಂಬದ ಪಕ್ಕದಲ್ಲೇ ನಿಂತಿದ್ದೆ.

ಚಿಕ್ಕಪ್ಪ ಅವತ್ತು ಆಡಿದ ಆಟದ ಬಗ್ಗೆ ನಮ್ಮ ಕಡೆಯವರು ಬಹಳ ಕಾಲ ಮಾತಾಡಿದರು. ಅವನು ಮುಟ್ಟಿದ್ದೆಲ್ಲ ಪಾಯಿಂಟಾಯಿತು. ಕೆಂಗೇರಿಯವರು ಎರಡೂ ಗೇಮು ಸೋತರು. ಅವರ ಚೆಂಡು ಹೊರಗೆ ಬಿದ್ದಾಗಲೆಲ್ಲ ಅಮ್ಮ ಉಳಿದ ಹೆಂಗಸರ ಜೊತೆ ತಾನೂ ಅಯ್ಯೋ ಎನ್ನುತ್ತಿದ್ದಳು. ಅದು ನಟನೆಯೋ ಅಲ್ಲವೋ ಎಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ನಟನೆ ಕಾಣಲಿಲ್ಲ.

ಮಧ್ಯಾಹ್ನ ಅಪ್ಪ ಕಾಗದದ ಪೊಟ್ಟಣದಲ್ಲಿ ಬಾದೂಷಾ ಕಟ್ಟಿಸಿಕೊಂಡು ಬಂದರು. ಜಗಲಿಯಲ್ಲಿ ಕೂಗಾಟ ನಡೆದಿತ್ತು. ಅಲ್ಲಿ ಹಂಚದೆ ನೇರ ಒಳಗೆ ಬಂದು, ಅವರು ಎಂದೂ ಕಾಲಿಡದ ಅಡುಗೆಮನೆಗೆ ಬಂದು ನಿಂತರು. ಅಮ್ಮ ನೆನೆಹಾಕಿದ ಅವರೆಕಾಳನ್ನು ಹಿಸುಕಿ ಸಿಪ್ಪೆ ಬಿಡಿಸುತ್ತಿದ್ದಳು.

"ತಗೋ ಜಯಾ. ಮೊದ್ಲು ನಿಂಗೇ ತಂದೆ."

"ಮಗೂಗೆ ಕೊಡಿ."

"ನೀನೂ ಒಂದು ತಗೋ. ಗೆದ್ವಲ್ಲ."

"ನಮ್ಮೋರು ಸೋತಿದಾರೆ ಕಣ್ರೀ," ಎಂದಳು ಅಮ್ಮ. "ನಾನ್ ಹೆಂಗ್ ತಿನ್ಲಿ?"

ಅಪ್ಪ ತಮಾಷೆಯಿರಬಹುದೆಂದು ಬಗ್ಗಿ ಅವಳ ಮುಖ ನೋಡಿದರು. ಅವಳು ತಲೆ ಎತ್ತಲಿಲ್ಲ. ಅವರೆಕಾಳು ಒಂದೊಂದಾಗಿ ಸಿಪ್ಪೆ ಬಿಟ್ಟು ಪಾತ್ರೆಗೆ ಬೀಳುತ್ತಿದ್ದವು. ಹೊರಗೆ ಪುಟ್ಟಸ್ವಾಮಿ ರಂಗಣ್ಣಾ, ಬನ್ನಿ ಎಂದು ಕರೆಯುತ್ತಿದ್ದ. ಅಪ್ಪ ಪೊಟ್ಟಣ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಇಷ್ಟು ದಿನ ನಮ್ಮ ಮನೆಯೊಳಗೆ ಅವರು ಹುಡುಕುತ್ತಿದ್ದ ಕೆಂಗೇರಿಯವಳು ಕೊನೆಗೂ ಅವರಿಗೆ ಸಿಕ್ಕಿದ್ದಳು.